ಕುಕ್ಕರ್ ಕೂಗಿಗೆ ಬಂದ ಹಸು

ನಿಮ್ಮ ಮನೆಯಲ್ಲೂ ಬೆಳಗ್ಗೆ ಕುಕ್ಕರ್ ಕೂಗುತ್ತದೆ. ಅನ್ನ ಆಯಿತು ಎಂದುಕೊಂಡು ಸುಮ್ಮನಾಗುತ್ತೀರಿ. ನನಗೆ ಹಸು ನೆನಪಾಗುತ್ತದೆ. ಇವತ್ತು ಜೆ.ಪಿ. ನಗರದ ನಮ್ಮ ಐದನೇ ಮಹಡಿಯ ಫ್ಲಾಟಿನಲ್ಲಿ ಅಕ್ಕನೊಂದಿಗೆ ಫೋನಿನಲ್ಲಿದ್ದಾಗ ಕುಕ್ಕರ್ ಕೂಗಿತು.

ನಾವು ಇಟ್ಟಮಡುವಿನಲ್ಲಿದ್ದ ಕಾಲಕ್ಕೆ ಅಕ್ಕ ಬಿ.ಎಡ್. ಓದುತ್ತಿದ್ದಳು. ಕಲಿಕೆಯ ಮನೋವಿಜ್ಞಾನದಲ್ಲಿ ಒಮ್ಮೆ ಡುಮ್ಕಿ ಹೊಡೆದಾಗಿತ್ತು. ಇನ್ನೊಮ್ಮೆ ಹೊಡೆದರೆ ಅವಳಿಗೆಂದು ಕಾದಿಟ್ಟಿದ್ದ ಶಾಲೆಯ ಕೆಲಸ ಬೇರೆಯವರ ಪಾಲು. "ಗಂಟೆ ಬಾರಿಸಿದ್ರೆ ನಾಯಿ ಯಾಕೋ ಜೊಲ್ಲು ಸುರಿಸ್ಬೇಕು? ತಲೆಗೇ ಹತ್ತಲ್ಲ," ಎಂದು ಪುಸ್ತಕ ಮುಚ್ಚಿದಳು.

ಪಾತ್ರೆ ಅಂಗಡಿ ಇಟ್ಟು ಗಿರಾಕಿಗಳನ್ನೇ ಪಳಗಿಸಿದವನು ನಾನು. ಹಸು ಯಾವ ಲೆಕ್ಕ? "ಸುಮ್ನಿರು, ತೋರಿಸ್ತೀನಿ," ಎಂದೆ. ಬಜ್ಜಿ ಅಂಗಡಿಯವನ ಹತ್ತಿರ ಬಾಳೆಕಾಯಿ ಸಿಪ್ಪೆಯನ್ನು ಚೌಕಾಶಿ ಮಾಡಿ ಪುಕ್ಕಟೆ ತಂದೆ. ನಗಬೇಡಿ, ಪುಕ್ಕಟೆ ಸಿಗುವುದಕ್ಕೂ ಎರಡು ಮಾತಾಡಿದರೆ ಒಂದು ಹಿಡಿ ಹೆಚ್ಚು ಬರುತ್ತದೆ. ಕುಕ್ಕರ್ ಕೂಗಿದೊಡನೆ ಬೀದಿಯ ಹಸುವಿಗೆ ಗೇಟಿನಲ್ಲಿ ಸಿಪ್ಪೆ. ಕೆಲವು ವಾರಗಳಲ್ಲಿ, ಸಿಪ್ಪೆ ಕಾಣದಿದ್ದರೂ ಕೂಗು ಕೇಳಿದರೆ ಸಾಕು, ಅದು ಗೇಟಿಗೆ ಬಂದು ಬಾಯಿ ಚಪ್ಪರಿಸತೊಡಗಿತು.

ಆದರೆ ಯಾವ ಮನೆಯ ಕುಕ್ಕರ್ ಎಂಬ ಭೇದ ಹಸುವಿಗಿಲ್ಲ. "ಏನಪ್ಪಾ, ನಾನು ಬೇಳೆಗಿಟ್ರೆ ನಿನ್ ಹಸು ನಮ್ ರಂಗೋಲಿ ಮೇಲೆ ನಿಲ್ಲತ್ತೆ," ಎಂದರು ಎದುರುಮನೆ ಆಂಟಿ. ಸಿಪ್ಪೆ ನಿಲ್ಲಿಸಿದೆ. ಹಸು ಗೇಟಿಗೆ ಗುದ್ದಿತು. ನಾನು ಬಗ್ಗಲಿಲ್ಲ. ಮತ್ತೆ ಗುದ್ದಿತು. ಮೂರನೇ ಗುದ್ದಿಗೆ ಚಿಲಕ ಕಳಚುವ ಹಾಗಾದಾಗ ಒಂದೇ ಒಂದು ಸಿಪ್ಪೆ ಎಸೆದೆ. ವ್ಯಾಪಾರಸ್ಥನ ಮಾತು ಕೇಳಿ: ಮೂರನೇ ಗುದ್ದಿಗೆ ಬಗ್ಗಿದವನು ಮುಂದೆ ಯಾವತ್ತೂ ಮೂರು ಗುದ್ದು ತಿನ್ನಬೇಕು. ಇದನ್ನು ನೋಡುತ್ತಿದ್ದ ಪಕ್ಕದ ಬೀದಿಯ ಎಮ್ಮೆಯೂ ಗುದ್ದಲು ಕಲಿಯಿತು.

ನಾನು ಗೇಟು ರಿಪೇರಿಗೆ ನಿಂತಿದ್ದರೆ ಅಕ್ಕ ಕಿಟಕಿಯಲ್ಲಿ ಖುಷಿಯಾಗಿದ್ದಳು. "ಕೂಗಿಗೆ ಬರೋದು ಒಂದು. ಗುದ್ದಿ ಬಹುಮಾನ ತಗೊಳೋದು ಇನ್ನೊಂದು. ಎಮ್ಮೇದು ನೋಡಿ ಕಲಿಯೋದು. ಚಾಪ್ಟರ್ ಮುಗೀತು ಕಣೋ."

ಪಾಸಾದಳು, ಕೆಲಸವೂ ಸಿಕ್ಕಿತು. ಎಲ್ಲ ನನ್ನ ಹಸುವಿನ ಪುಣ್ಯ ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ.

ಇವತ್ತು ಕೂಗು ಕೇಳಿ ಅಕ್ಕ ಮಾತು ನಿಲ್ಲಿಸಿದಳು.

"ಎಲ್ಲಿದೀಯ ಈಗ?"

"ಬಾಲ್ಕನೀಲಿ."

"ಕೈಲೇನಿದೆ?"

ನೋಡಿಕೊಂಡೆ. ಬಾಳೆಹಣ್ಣಿನ ಸಿಪ್ಪೆ.

"ಪರೀಕ್ಷೇಲಿ ನಾನು ಹಸು ಬಗ್ಗೆ ಬರೀಲೇ ಇಲ್ಲ ಕಣೋ," ಎಂದಳು. "ಕುಕ್ಕರ್ ಕೂಗಿದ್ರೆ ನಮ್ ತಮ್ಮ ಸಿಪ್ಪೆ ಹಿಡ್ಕೊಂಡು ಓಡ್ತಾನೆ ಅಂತ ಬರ್ದೆ."

"ಹಾಗಾದ್ರೆ ಆ ಮಾರ್ಕ್ಸಲ್ಲಿ ಅರ್ಧ ನಂದು," ಎಂದೆ.

"ಅರ್ಧ ಹಸೂದು."

ನನಗೆ ಕಾಲು ಪಾಲಾದರೂ ಕೊಡಲು ಅವಳನ್ನು ಒಪ್ಪಿಸುತ್ತಿದ್ದೆ, ಅಷ್ಟರಲ್ಲಿ ಕುಕ್ಕರ್ ಇನ್ನೊಮ್ಮೆ ಕೂಗಿತು. ಬಾಲ್ಕನಿಯಿಂದ ಬಗ್ಗಿ ನೋಡಿದೆ; ಕೆಳಗಿನ ಗೇಟಿಗೆ ಯಾವ ಹಸುವೂ ಬಂದಿರಲಿಲ್ಲ.