ಊಟದ ಪಂಕ್ತಿಯಲ್ಲಿ ಅಪ್ಪನ ದನಿ

ರಾತ್ರಿ ಕೆಟ್ಟ ಕನಸು. ನನ್ನ ಮದುವೆಯ ವಿಡಿಯೋ ಕ್ಯಾಸೆಟ್ಟಿನ ಟೇಪೆಲ್ಲ ಹೊರಬಂದು ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು. ಗೆಳೆಯರೇ, ಅದೇ ಭಯದಲ್ಲಿ ಇವತ್ತು ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡಸಿಯಿಂದ ಬಸ್ಸು ಹತ್ತಿ ಅರಸೀಕೆರೆಯ ಸ್ಟುಡಿಯೋಗೆ ಹೋದೆ.

ಸ್ಟುಡಿಯೋದ ಮಂಜು ಅದನ್ನು ಕಂಪ್ಯೂಟರಿಗೆ ಹಾಕುತ್ತಾ ಹೇಳಿದ, "ಊಟದ ಪಂಕ್ತಿ ಕಟ್ ಮಾಡ್ತೀನಿ ಕಣಕ್ಕ, ಬರೀ ಗಲಾಟೆ ಐತೆ. ಇಲ್ಲಾಂದ್ರೆ ಮೇಲೊಂದು ಹಾಡು ಹಾಕ್ತೀನಿ. ಎಲ್ರೂ ಹಂಗೇ ಮಾಡಿಸ್ಕೊಳ್ಳೋದು."

"ಧಾರೆ ಬೇಕಾದ್ರೆ ಕತ್ತರಿಸು, ಊಟ ಮುಟ್ಟಬೇಡ," ಅಂದೆ. ತೀರಿಹೋದ ನಮ್ಮಪ್ಪ ಮಾತಾಡಿರುವುದು ಆ ಪಂಕ್ತಿಯಲ್ಲಿ ಮಾತ್ರ. ಬೇರೆಲ್ಲೂ ಅವರ ದನಿ ಉಳಿದಿಲ್ಲ.

ಟೇಪು ಓಡುವಷ್ಟು ಹೊತ್ತೂ ಕಾಯಲೇಬೇಕಂತೆ. ಮಧ್ಯದಲ್ಲೇ ಮಂಜು ಊಟಕ್ಕೆ ಏಳಲು ನೋಡಿದ. ಟೇಪು ಸಿಕ್ಕಿಕೊಂಡರೆ ಏನು ಗತಿ ಎಂದು ನಾನು ಬಾಗಿಲಿಗೇ ಕುರ್ಚಿ ಹಾಕಿ ಕೂತೆ. ಅಷ್ಟರಲ್ಲಿ ಪರದೆಯ ಮೇಲೆ ಅಪ್ಪ ಸಾರಿನ ಬಕೆಟ್ ಹಿಡಿದು ಬಂದರು. ಕ್ಯಾಮೆರಾದವನಿಗೆ ಹೇಳಿದರು, "ಮೊದ್ಲು ಊಟ ಮಾಡಪ್ಪ, ಕೆಲ್ಸ ಎಲ್ಲೋಯ್ತದೆ."

"ನಿಮ್ಮಪ್ಪಾಜಿನೇ ಹೇಳ್ತಾವ್ರಲ್ಲಕ್ಕ," ಎಂದು ಮಂಜು ಎದ್ದ. ಅಪ್ಪನ ಮಾತು ಮೀರಲಾಗಲಿಲ್ಲ. ಕುರ್ಚಿ ಸರಿಸಿ ದಾರಿ ಬಿಟ್ಟೆ, ಟೇಪು ಮುಗಿಯುವವರೆಗೆ ನಾನೇ ಕಾವಲು ಕೂತೆ.

ಆ ತುಣುಕನ್ನು ಮಂಜುವಿನ ಕೈಲೇ ಈ ಪೋಸ್ಟಿನ ಜೊತೆ ಹಾಕಿಸಿದ್ದೇನೆ. ಹಾಡು ಸೇರಿಸಿಲ್ಲ ಎಂದು ಆಣೆ ಮಾಡಿದ್ದಾನೆ. ಆದರೂ ನನ್ನ ಕಿವಿಯನ್ನು ನಂಬುವಂತಿಲ್ಲ, ಆ ಕಿವಿಗೆ ಅಪ್ಪನ ದನಿ ಟೇಪಿಲ್ಲದೆಯೂ ಕೇಳಿಸುತ್ತದೆ. ನೀವೂ ಒಂದು ಸಲ ಕೇಳಿ ಹೇಳಿ: "ಊಟ ಮಾಡಪ್ಪ" ಅನ್ನುವುದು ನಿಮಗೂ ಕೇಳುತ್ತಿದೆಯಾ?