ಹುಣಸೆಹಣ್ಣಿನಲ್ಲಿ ತೊಳೆದ ರೂಪಾಯಿ

ಹಬ್ಬಕ್ಕೆ ದೀಪ ತಿಕ್ಕೋಣ ಅಂತ ಇವತ್ತು ಬೆಳಿಗ್ಗೆ ಹುಣಸೆಹಣ್ಣು ನೆನೆಹಾಕಿದ್ದೆ. ಹಿಚುಕಿದ್ದೇ ತಡ, ಆ ಹುಳಿ ವಾಸನೆ ಮೂಗಿಗೆ ಬಂದು ಕೈ ಹಾಗೇ ನಿಂತುಬಿಟ್ಟಿತು. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಪ್ರತಿ ವರ್ಷ ಇದೇ ಗೋಳು ನಂದು. ಪಕ್ಕದ ಕ್ವಾರ್ಟರ್ಸಿನ ರೈಟರಣ್ಣ ನೆನಪಾಗುತ್ತಾರೆ...

ಸುಂಟಿಕೊಪ್ಪದಿಂದ ಒಳಗೆ ಹೋದರೆ ಸಿಗುವ ಈ ಕಾಫಿ ಎಸ್ಟೇಟಿಗೆ ಅವರು ಆಗ ರೈಟರ್. ಬೆಳಿಗ್ಗೆ ಲೈನ್‌ಮನೆಯ ಕೂಲಿಯವರ ಹಾಜರಿ ಹಾಕುವುದು, ಯಾರು ಎಲ್ಲಿ ಪಿಕ್ಕಿಂಗಿಗೆ ಹೋಗಬೇಕು ಅಂತ ಹೇಳುವುದು, ಆಮೇಲೆ ಅವರ ಹಿಂದೆಯೇ ಗುಡ್ಡ ಹತ್ತುವುದು. ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದವರು ಮಾಕುಟ್ಟದಲ್ಲಿ ಒಬ್ಬರು ಅಕ್ಕ. ನನ್ನ ಗಂಡ ಇಲ್ಲೇ ಜೀಪು ಡ್ರೈವರ್. ಕುಶಾಲನಗರದ ಬಯಲಲ್ಲಿ ಬೆಳೆದ ನನಗೆ ಸಂಜೆ ಎಸ್ಟೇಟಿನ ಗೇಟು ಹಾಕಿದ ಸದ್ದು ಕೇಳಿದರೆ ಉಸಿರು ಕಟ್ಟುತ್ತಿತ್ತು. ಅದು ಅರ್ಥವಾಗುತ್ತಿದ್ದದ್ದು ರೈಟರಣ್ಣ ಒಬ್ಬರಿಗೇ.

“ಕೆಲಸ ಬಿಟ್ರೆ ಮನೆ ಬಿಡ್ಬೇಕು ತಂಗಿ. ಮನೆ ಬೇಕಂದ್ರೆ ಕೆಲಸ ಬಿಡೋ ಹಾಗಿಲ್ಲ,” ಅನ್ನುತ್ತಿದ್ದರು, ಮಂಡಿ ನೀವಿಕೊಳ್ಳುತ್ತಾ. ಆ ಮಂಡಿಗೆ ಗುಡ್ಡದ ಏರು ಸಾಕಾಗಿ ಹೋಗಿತ್ತು.

ಅವರಿಗಿದ್ದ ಒಂದೇ ದಾರಿ ಒಂದು ಬೆಳ್ಳಿ ರೂಪಾಯಿ. ಬ್ರಿಟಿಷರ ಕಾಲದ್ದು, ಅಪರೂಪದ ವರ್ಷದ್ದಂತೆ. ಅವರ ಅಜ್ಜ ಹೊಸದಾಗಿ ಕೈಗೆ ಬಂದ ದಿನವೇ ಪೆಟ್ಟಿಗೆಗೆ ಹಾಕಿದ್ದು, ಒಂದು ಸಲವೂ ಅಂಗಡಿ ಕಂಡಿರಲಿಲ್ಲ. ಅದನ್ನು ಮಾರಿದರೆ ಕುಶಾಲನಗರದಲ್ಲಿ ಒಂದು ಪುಟ್ಟ ಮನೆ ಭೋಗ್ಯಕ್ಕೆ ಹಿಡಿಯಬಹುದು ಅನ್ನುವುದು ಅವರ ಲೆಕ್ಕ. ತೊಡಕು ಒಂದೇ. ನಾಣ್ಯದ ಮೇಲಿನ ರಾಜನ ಕಿವಿ, ಗಡ್ಡ ಚಪ್ಪಟೆಯಾಗಿದ್ದವು. ನೋಡಿದವರು ಸವೆದಿದೆ ಅನ್ನುತ್ತಿದ್ದರು.

“ಸವೆದದ್ದಲ್ಲ. ಟಂಕಸಾಲೆಯಲ್ಲೇ ಅಚ್ಚು ಮೆತ್ತಗೆ ಬಿದ್ದದ್ದು,” ಅಂತ ಒಂದು ಭಾನುವಾರ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ ತೋರಿಸಿದ್ದರು. “ಸವೆದಿದ್ರೆ ಕಿವಿ ಮೇಲೆ ಹೊಳಪು ಸತ್ತಿರ್ತಿತ್ತು. ನೋಡಿಲ್ಲಿ, ಬೆಳಕು ಎಲ್ಲೂ ನಿಲ್ಲದೆ ಸುತ್ತುತ್ತೆ. ಅಚ್ಚು ಮೆತ್ತಗೆ ಅಂತ ದರ್ಜೆ ಒಂದೆರಡು ಮೆಟ್ಟಿಲು ಇಳಿಸ್ಲಿ, ಪರವಾಗಿಲ್ಲ. ಸವೆದಿದೆ ಅಂದ್ರೆ ಮುಗೀತು, ಬಳಸದ ಹೊಸ ನಾಣ್ಯದ ಸಾಲಿಂದಲೇ ಹೊರಗೆ, ಬೆಲೆಯೇ ಇಲ್ಲ. ಈ ಹೊಳಪೇ ನನ್ನ ಸಾಕ್ಷಿ.”

ನಾನು ಹೂಂಗುಟ್ಟಿದೆ. ಅರ್ಧ ಕಿವಿಯಲ್ಲಿ ಕೇಳಿದ್ದು, ಒಲೆ ಮೇಲೆ ಸಾರಿತ್ತು.

ಆ ಶ್ರಾವಣದಲ್ಲಿ ಕುಶಾಲನಗರಕ್ಕೆ ನಾಣ್ಯ ಕೊಳ್ಳುವವರೊಬ್ಬರು ಭಾನುವಾರ ಬರುತ್ತಾರೆ ಅಂತ ಗೊತ್ತಾಯಿತು. ಅದೇ ವಾರ ಅಕ್ಕನಿಗೆ ಹುಷಾರಿಲ್ಲವೆಂದು ಅವರು ಮಾಕುಟ್ಟಕ್ಕೆ ಹೊರಟರು. ಅವರ ಮನೆಯ ಮಾಡು ಸೋರುತ್ತಿತ್ತು, ರೂಪಾಯಿಯನ್ನು ಅಲ್ಲಿ ಬಿಟ್ಟು ಹೋಗುವ ಹಾಗಿರಲಿಲ್ಲ. ಕಾಗದದ ಕವರಿನಲ್ಲಿದ್ದ ರೂಪಾಯಿಯನ್ನು ನನ್ನ ಕೈಗಿಟ್ಟು, “ಶನಿವಾರ ಬರ್ತೀನಿ. ಜೋಪಾನ ತಂಗಿ,” ಅಂದರು.

ಜೋಪಾನ! ನಮ್ಮ ಕಡೆ ಜೋಪಾನ ಅಂದರೆ ತೊಳೆದು ಒರೆಸಿ ಇಡುವುದು. ಶುಕ್ರವಾರ ಹಬ್ಬ. ಬೆಳ್ಳಿ ರೂಪಾಯಿ ಮನೆಯಲ್ಲೇ ಇರುವಾಗ ಕಳಶದ ಮುಂದೆ ಇಡದಿರುವುದು ಹೇಗೆ? ಲಕ್ಷ್ಮಿಯೇ ಅವರ ಕೆಲಸ ಕೈಗೂಡಿಸಲಿ ಅಂತ ಕವರು ತೆಗೆದೆ. ಅಂಚೆಲ್ಲ ಕಪ್ಪು. ಕಪ್ಪು ಬೆಳ್ಳಿಯನ್ನು ದೇವರ ಮುಂದೆ ಇಡುತ್ತಾರಾ ಯಾರಾದರೂ? ಹುಣಸೆಹಣ್ಣು ಹಾಕಿ ತಿಕ್ಕಿದೆ, ವಿಭೂತಿ ಹಾಕಿ ತಿಕ್ಕಿದೆ, ಸೆರಗಲ್ಲಿ ಒರೆಸಿದೆ. ಹೊಳಪೇ ಸಾಕ್ಷಿ ಅಂದಿದ್ದರಲ್ಲ, ಫಳಫಳ ಹೊಳೆಸಿಬಿಟ್ಟೆ. ನನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ!

ಶನಿವಾರ ಅವರು ಬಂದಾಗ ಹೆಮ್ಮೆಯಿಂದ ತಂದುಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಓರೆ ಮಾಡಿದರು. ಮತ್ತೆ ಮಾಡಿದರು. ಬೆನ್ನು ತಿರುಗಿಸಿಕೊಂಡೇ, “ಚೆನ್ನಾಗಿ ಹೊಳೀತಿದೆ ತಂಗಿ,” ಅಂದರು. ನಾನೇನೋ ಕೆಡಿಸಿಬಿಟ್ಟಿದ್ದೇನೆ ಅಂತ ಆ ದನಿಯಲ್ಲೇ ಗೊತ್ತಾಯಿತು.

ಆದರೂ ಭಾನುವಾರ ಹೋದರು. ಜೀಪಿನಲ್ಲಿ ಕರೆದುಕೊಂಡು ಹೋಗಿದ್ದ ನನ್ನ ಗಂಡ ಬಂದು ಹೇಳಿದ: ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡಿದರಂತೆ. ಇದು ತಿಕ್ಕಿದ ಹೊಳಪು, ಟಂಕಸಾಲೆಯಲ್ಲಿ ಹುಟ್ಟಿದ ಹೊಳಪೇ ಇಲ್ಲ, ಇದು ಮೆತ್ತಗಿನ ಅಚ್ಚು ಅಂತ ಹೇಗೆ ನಂಬಲಿ, ಯಾರು ತೊಳೆದದ್ದು ಅಂತ ಕೇಳಿ ರೂಪಾಯಿ ವಾಪಸ್ ಕೊಟ್ಟರಂತೆ. “‘ನಾನೇ ತೊಳೆದದ್ದು’ ಅಂದ್ರು ಕಣೆ ರೈಟರಣ್ಣ! ಅಷ್ಟು ವರ್ಷ ಕಾಪಾಡಿದವರು, ನೋಡು ಬುದ್ಧೀನ,” ಅಂತ ನಕ್ಕ. ನಾನು ಒಲೆ ಊದುತ್ತಾ ಕೂತೆ.

ಆಮೇಲೆ ಎಷ್ಟು ಸಲ ಹೇಳಬೇಕೆಂದು ಅವರ ಬಾಗಿಲವರೆಗೆ ಹೋದೆನೋ... ಸಾರು ಕೊಟ್ಟು ಬರುತ್ತಿದ್ದೆ, ಉಪ್ಪಿನಕಾಯಿ ಕೊಟ್ಟು ಬರುತ್ತಿದ್ದೆ. ತಪ್ಪಾಯ್ತು ಅನ್ನುವ ಒಂದು ಮಾತು ಮಾತ್ರ ಕೊಟ್ಟು ಬರಲಿಲ್ಲ. ಅವರು ಅದೇ ಗುಡ್ಡ ಹತ್ತಿದರು, ಅದೇ ಹಾಜರಿ ಹಾಕಿದರು. ಕಡೆಗೆ ಆ ಸೋರುವ ಮಾಡಿನ ಕೆಳಗೇ ಹೋಗಿಬಿಟ್ಟರು. ಹೊರಗೆ ಹೋಗಿದ್ದು ಹೆಣವಾಗಿ.

ಮನೆ ಖಾಲಿ ಮಾಡಲು ಬಂದ ಅಕ್ಕ ನನಗೊಂದು ಕವರು ಕೊಟ್ಟರು. ಮೇಲೆ ರೈಟರಣ್ಣನದೇ ದುಂಡಗಿನ ಅಕ್ಷರ: “ಅಚ್ಚು ಮೆತ್ತಗೆ, ಸವೆತವಲ್ಲ. ಪಕ್ಕದ ಮನೆ ತಂಗಿಯ ಲಕ್ಷ್ಮಿಪೂಜೆಗೆ.” ನಿಂತಲ್ಲೇ ಗೊಳೋ ಅಂತ ಅತ್ತೆ. ನೆರೆಯ ಪ್ರೀತಿ ಅಂದುಕೊಂಡು ಆ ಅಕ್ಕ ನನ್ನನ್ನೇ ಸಮಾಧಾನ ಮಾಡಿದರು.

ಇವತ್ತು ಕೈ ತೊಳೆದು ಕವರು ತೆಗೆದೆ. ರೂಪಾಯಿಯ ಅಂಚು ಮತ್ತೆ ಕಪ್ಪಾಗುತ್ತಿದೆ. ಹಾಗೇ ಕಳಶದ ಮುಂದಿಟ್ಟೆ. “ಅದನ್ನೂ ಒಂಚೂರು ತಿಕ್ಕಬಾರದೇನೇ?” ಅಂದ ನನ್ನ ಗಂಡ.

“ತಿಕ್ಕಿದ್ದೆ,” ಅಂದೆ. “ಅವತ್ತು ತೊಳೆದವಳು ನಾನು. ಅವರಲ್ಲ.”

ಅವನು ನಗಲಿಲ್ಲ. ನಾನು ಪಕ್ಕದ ಗೋಡೆಯ ಕಡೆ ನೋಡಿದೆ. ಆ ಮನೆಯಲ್ಲೀಗ ಹೊಸ ರೈಟರ್ ಇದ್ದಾರೆ.