ನೀರಿನ ಮೇಲೆ ತೇಲಿದ ಭಸ್ಮ

ಆಗೆಲ್ಲ ನಮ್ಮ ಜಯನಗರದ ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಮೊದಲು ಸದ್ದು ಮಾಡುತ್ತಿದ್ದುದು ಅಜ್ಜಿಯ ಸಾಣೆಕಲ್ಲು. ಬಜೆ, ಜಾಯಿಕಾಯಿ ತೇಯುವ ವಾಸನೆ ಅಡುಗೆಮನೆಯಿಂದ ಹೊರಟು, ನಾವು ಕುಂಟೆಬಿಲ್ಲೆ ಆಡುತ್ತಿದ್ದ ಗೇಟಿನ ತನಕ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನರಿಗೆ ಆ ವಾಸನೆ ಗೊತ್ತಿರುತ್ತದೆ. ನನಗೆ ಅದರ ಜೊತೆಗೇ ಒಂದು ಭಯವೂ ನೆನಪಾಗುತ್ತದೆ.

ಆ ಬೇಸಿಗೆ ರಜೆಯಲ್ಲಿ ನನ್ನ ತಂಗಿ ಸುಮಿ ಇನ್ನೂ ಶಾಲೆಗೆ ಸೇರಿರಲಿಲ್ಲ. ತುತ್ತನ್ನು ಬಾಯಲ್ಲಿಟ್ಟುಕೊಂಡು ಮನೆಯೆಲ್ಲ ಸುತ್ತುತ್ತಿದ್ದಳೇ ಹೊರತು ನುಂಗುತ್ತಿರಲಿಲ್ಲ. ಅಜ್ಜಿಗೆ ಅದೇ ಚಿಂತೆ. ಅಜ್ಜಿ ತಮ್ಮ ಮಂಡಿನೋವಿಗೆ ಬಸವನಗುಡಿಯ ಪಂಡಿತರೊಬ್ಬರಿಂದ ಭಸ್ಮ ತರುತ್ತಿದ್ದರು. ಆ ಪಂಡಿತರು ನಾಡಿ ನೋಡದೆ ಚಿಟಿಕೆ ಪುಡಿಯನ್ನೂ ಕೊಡುವವರಲ್ಲ. ಕೊಟ್ಟರೂ ಕೆಲವೇ ಪೊಟ್ಟಣ. "ಮುಗಿದ್ಮೇಲೆ ನಿಲ್ಸಿ, ಬಂದು ತೋರ್ಸಿ" ಎನ್ನುತ್ತಿದ್ದರು. ಔಷಧಿಗೂ ಇವರದ್ದು ಇಷ್ಟು ಮಡಿಯೇ ಎಂದು ಅಜ್ಜಿ ಗೊಣಗುತ್ತಿದ್ದರು.

ಅಷ್ಟರಲ್ಲಿ ಅಜ್ಜಿಯ ತಮ್ಮ ನಮ್ಮ ಮನೆಗೆ ಬಂದವರು, ಊರೂರು ತಿರುಗಿ ಔಷಧಿ ಮಾರುವವನಿಂದ ಕೊಂಡ ಒಂದು ಬಾಟಲಿ ಕೆಂಪು ಭಸ್ಮದ ಪುಡಿ ಕೊಟ್ಟುಹೋದರು. ಮಕ್ಕಳಿಗೆ ಹಸಿವು ಹುಟ್ಟಿಸುತ್ತದಂತೆ.

"ಅದ್ರಲ್ಲಿ ಏನಿದ್ಯೋ ಏನೋ, ಬೇಡ ಅತ್ತೆ" ಎಂದಳು ಅಮ್ಮ.

"ಪರೀಕ್ಷೆ ಮಾಡೇ ಕೊಡ್ತೀನಿ, ಬಾ ಇಲ್ಲಿ" ಎಂದು ಅಜ್ಜಿ ಹಿತ್ತಾಳೆ ಬಟ್ಟಲಿಗೆ ನೀರು ಹಾಕಿ, ಪಂಡಿತರ ಮನೆಯಲ್ಲಿ ನೋಡಿದ್ದ ಹಾಗೆ, ಮೇಲೆ ಪುಡಿ ಉದುರಿಸಿದರು. ತೇಲಿತು. ಅದರ ಮೇಲೆ ಮೆಲ್ಲಗೆ ಒಂದು ಅಕ್ಕಿಕಾಳು ಇಟ್ಟರು. ಅದೂ ತೇಲಿತು! ನಾನೂ ಸುಮಿಯೂ ಚಪ್ಪಾಳೆ ತಟ್ಟಿದೆವು.

"ನೋಡಿದ್ಯಾ? ಇದು ಸತ್ತಿರೋ ಲೋಹ. ಸುಟ್ಟು ಸುಟ್ಟು ಸಾಯ್ಸಿರ್ತಾರೆ. ಇನ್ನೇನೂ ಮಾಡಲ್ಲ."

ನನ್ನ ಚಪ್ಪಾಳೆ ಅಲ್ಲಿಗೇ ನಿಂತಿತು. ಸತ್ತಿದೆ ಅಂದರೆ ಮೊದಲು ಬದುಕಿತ್ತು. "ಅಜ್ಜಿ, ಸುಮಿ ಹೊಟ್ಟೇಲಿ ಮತ್ತೆ ಎದ್ಬಿಟ್ರೆ?" ಎಂದು ಕೇಳಿಯೇಬಿಟ್ಟೆ. ಅಜ್ಜಿ "ಹುಚ್ಚಿ" ಎಂದು ನಕ್ಕರು. ಅಮ್ಮನೂ ನಕ್ಕಳು, ಆಮೇಲೆ ಬೇಡವೆನ್ನಲಿಲ್ಲ.

ದಿನಾ ಬೆಳಿಗ್ಗೆ ಅಜ್ಜಿ ಆ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಬೆರಳಿನಿಂದ ನೆಕ್ಕಿಸುತ್ತಿದ್ದರು. ಸುಮಿ ಚಪ್ಪರಿಸಿ ಇನ್ನೂ ಬೇಕೆನ್ನುತ್ತಿದ್ದಳು. ನಾನು ಅವಳನ್ನು ಮಲಗಿಸಿ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಗುರುಗುರು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಬಾಟಲಿ ಅರ್ಧವಾಗುವಷ್ಟರಲ್ಲಿ ಅವಳು ಕುಂಟೆಬಿಲ್ಲೆಗೆ ಬರುವುದನ್ನು ಬಿಟ್ಟಳು. ಮಾವಿನಹಣ್ಣು ಹೆಚ್ಚಿ ಕೊಟ್ಟರೂ ಬೇಡ. ಮುಖ ಬಿಳಿಚಿಕೊಂಡು, ಚಾಪೆಯ ಮೇಲೆ ಮುದುಡಿ ಮಲಗಿರುತ್ತಿದ್ದಳು. "ಅಕ್ಕಾ, ಒಳಗೆ ಯಾರೋ ಹಿಂಡ್ತಾರೆ ಕಣೇ" ಎಂದಳು ಒಂದು ಮಧ್ಯಾಹ್ನ. ಎದ್ದಿದೆ ಅಂದುಕೊಂಡೆ.

ಅವತ್ತೇ ಎಲ್ಲರೂ ಆಟೋ ಹತ್ತಿ ನಾಲ್ಕನೇ ಬ್ಲಾಕಿನ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, "ಏನಾದ್ರೂ ಔಷಧಿ ಕೊಡ್ತಿದ್ದೀರಾ?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ" ಎಂದಳು ಅಮ್ಮ. ಬೇಕೆಂದು ಮುಚ್ಚಿಟ್ಟದ್ದಲ್ಲ. ನಮ್ಮ ಮನೆಗಳಲ್ಲಿ ಔಷಧಿ ಅಂದರೆ ಅಂಗಡಿಯ ಮಾತ್ರೆ, ಸಿರಪ್ಪು. ಅಜ್ಜಿ ನೆಕ್ಕಿಸುವುದನ್ನು ಯಾರೂ ಔಷಧಿ ಎಂದುಕೊಳ್ಳುತ್ತಲೇ ಇರಲಿಲ್ಲ. ಡಾಕ್ಟರು ಜಂತುಹುಳುವಿಗೆ ಚೀಟಿ ಬರೆಯತೊಡಗಿದರು.

ಆಗ ಮೂಲೆಯ ಕುರ್ಚಿಯಿಂದ ಅಜ್ಜಿ ಎದ್ದರು. ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ನಾನು ಕೊಡ್ತಿದ್ದೆ. ನೀರಲ್ಲಿ ತೇಲ್ತು ಡಾಕ್ಟ್ರೇ... ತೇಲ್ತಲ್ಲ."

ಪರೀಕ್ಷೆ ಮಾಡಿಸಿದಾಗ ಸುಮಿಯ ರಕ್ತದಲ್ಲಿ ಸೀಸದ ವಿಷ ಸಿಕ್ಕಿತು. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಅಪ್ಪ ಬಾಟಲಿ ಹಿಡಿದು ಬಸವನಗುಡಿಗೆ ಹೋದರು. ನಾನೂ ಹೋಗಿದ್ದೆ. ಪಂಡಿತರು ಪುಡಿಯನ್ನು ಬೆರಳಿಗೆ ಉಜ್ಜಿ ನೋಡಿ ಬಾಟಲಿಯನ್ನು ದೂರ ಸರಿಸಿದರು.

"ತೇಲೋದು ಒಂದು ಪರೀಕ್ಷೆ ಅಷ್ಟೇ. ಅರೆಬರೆ ಸುಟ್ಟಿದ್ದನ್ನೂ ನುಣ್ಣಗೆ ಅರೆದ್ರೆ ತೇಲತ್ತೆ. ಮತ್ತೆ ಲೋಹ ಆಗಿ ಏಳಬಾರ್ದು, ಅದು ಮುಖ್ಯ. ಅದು ಬಟ್ಟಲು ನೀರಲ್ಲಿ ಗೊತ್ತಾಗಲ್ಲ. ಸರಿಯಾಗಿ ಮಾಡಿರೋ ಭಸ್ಮಾನೂ ಮಗೂನ ನೋಡ್ದೆ ನಾನು ಕೊಡಲ್ಲ, ಸ್ವಾಮಿ."

ನನ್ನ ಪ್ರಶ್ನೆಗೆ ಕೊನೆಗೂ ಒಬ್ಬರು ನಗದೆ ಉತ್ತರ ಕೊಟ್ಟಿದ್ದರು. ಅದನ್ನು ಕೇಳಿ ಹೆದರಿಕೆ ಇನ್ನೂ ಹೆಚ್ಚಾಯಿತು. ಸುಮಿ ಸಾಯುತ್ತಾಳೆ ಎಂದು ಬಸ್ಸಿನಲ್ಲಿ ಅಪ್ಪನ ಶರ್ಟು ಹಿಡಿದುಕೊಂಡು ಅತ್ತೆ.

ಸುಮಿ ಉಳಿದಳು. ಶಾಲೆಗೆ ಸೇರುವುದು ಒಂದು ವರ್ಷ ತಡವಾಯಿತು, ಅಷ್ಟೇ. ಈಗ ತನ್ನ ಮಕ್ಕಳನ್ನು ಡಾಕ್ಟರಿಗೆ ತೋರಿಸುವಾಗ ಶುಂಠಿ ಕಷಾಯ ಕುಡಿಸಿದ್ದನ್ನೂ ಬಿಡದೆ ಹೇಳುತ್ತಾಳೆ. ನನ್ನ ಮನೆಯಲ್ಲಿ ಕೆಮ್ಮಿಗೂ ನೆಗಡಿಗೂ ಬಾಟಲಿಯ ಮುಚ್ಚಳದಲ್ಲೇ ಅಳತೆ. ಸುರಕ್ಷಿತ, ನಿಜ. ಆದರೆ ಯಾವುದಕ್ಕೂ ವಾಸನೆಯಿಲ್ಲ, ಯಾರ ಬೆರಳೂ ಇಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಸುಮಿ ಎಂದಿನಂತೆ ಅಡುಗೆಮನೆಗೆ ಹೋಗಿ, ಅಜ್ಜಿಯ ಮುಂದೆ ನಿಂತು ಬಾಯಿ ತೆರೆದಳು.

"ಅಜ್ಜಿ, ಜೇನುತುಪ್ಪ?"

ಅಜ್ಜಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ಅಮ್ಮನ್ನ ಕೇಳು ಪುಟ್ಟಿ" ಎಂದರು. ಆಮೇಲೆ ಸಾಣೆಕಲ್ಲು ಅಟ್ಟ ಸೇರಿತು. ಅಜ್ಜಿ ಇನ್ನೂ ಬಹಳ ವರ್ಷ ನಮ್ಮ ಜೊತೆಗಿದ್ದರು, ಆದರೆ ಆ ಕೈಯಿಂದ ನಮಗೆ ಮತ್ತೆ ಒಂದು ತೊಟ್ಟು ಜೇನೂ ಸಿಗಲಿಲ್ಲ.